ಶಾಕಪ್ ಹೊಸದು, ಎತ್ತರ ಹಳೆಯದೇ: ಒಂದು ಸ್ವಿಫ್ಟು, ನಾಲ್ಕು ಪ್ರಯೋಗ

ಗಂಗಾವತಿಯಿಂದ ಶ್ರೀರಾಮನಗರ, ಸಿದ್ದಾಪುರ ದಾಟಿ ಕಾರಟಗಿಗೆ ಹೋಗುವ ರಸ್ತೆಯಲ್ಲಿ ಕ್ಯಾಂಪಿಗೊಂದು (ವಲಸೆ ಬಂದ ರೈತರು ಕಟ್ಟಿಕೊಂಡ ಊರಿಗೆ ಇಲ್ಲಿ ಕ್ಯಾಂಪ್ ಎನ್ನುತ್ತಾರೆ) ಹಂಪ್ಸ್. ಕೆಲವಕ್ಕೆ ಬಿಳಿ ಪಟ್ಟೆ ಉಳಿದಿದೆ, ಕೆಲವು ಹತ್ತಿದ ಮೇಲೇ ಗೊತ್ತಾಗುವಂಥವು. ನನ್ನ 2013ರ ಡೀಸೆಲ್ ಸ್ವಿಫ್ಟು ಅವುಗಳಿಗೆ ಹೊಟ್ಟೆ ಉಜ್ಜತೊಡಗಿದಾಗ ಓಡಿದ್ದು 1,28,000 ಕಿ.ಮೀ. ತಪ್ಪು ಗಾಡಿಯದಲ್ಲ. ಮಾವನ ಊರು ಕುಷ್ಟಗಿ ಕಡೆ. ಹೋಗುವಾಗ ಡಿಕ್ಕಿ ತುಂಬ ಅಕ್ಕಿ, ಬರುವಾಗ ಡಿಕ್ಕಿ ತುಂಬ ಜೋಳ. ಹತ್ತು ವರ್ಷ ಹೀಗೆ ಹೇರಿದರೆ ಯಾವ ಸ್ಪ್ರಿಂಗಾದರೂ ಕುಸಿಯುತ್ತದೆ.

ನಮ್ಮಲ್ಲಿ ಗಾಡಿಯ ಎತ್ತರ ಅಳೆಯುವುದು ಬೆರಳಿನಿಂದ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮೂರು ಬೆರಳು ಹೋದರೆ ಸರಿ, ಎರಡಾದರೆ ಸ್ಪ್ರಿಂಗ್ ಕೂತಿದೆ. ನಾನು ಟೇಪು ಹಿಡಿದೆ. ನೆಲದಿಂದ ಅಳೆದರೆ ಟೈರಿನ ಗಾಳಿ, ಸವೆತ ಎಲ್ಲ ಲೆಕ್ಕದಲ್ಲಿ ಸೇರಿಬಿಡುತ್ತದೆ. ಅದಕ್ಕೇ ಚಕ್ರದ ನಟ್ಟನಡುವಿನಿಂದ ಮೇಲಿನ ಕಮಾನಿನ ಅಂಚಿನವರೆಗೆ ಅಳೆದೆ. ಸಮನೆಲ ಎಲ್ಲಿದೆ ಎಂದು ಹುಡುಕಿದಾಗ ಸಿಕ್ಕಿದ್ದು ಪರಿಚಯದವರ ರೈಸ್ ಮಿಲ್ಲಿನಲ್ಲಿ ಲಾರಿ ತೂಗುವ ವೇಬ್ರಿಜ್. ಹೇಗೂ ಹತ್ತಿಸಿದ್ದೇನಲ್ಲ ಎಂದು ತೂಕವನ್ನೂ ನೋಡಿದೆ: ಪೂರ್ತಿ ಗಾಡಿ 1,080 ಕಿಲೊ, ಮುಂದಿನ ಎರಡು ಚಕ್ರ ಮಾತ್ರ ಹತ್ತಿಸಿದಾಗ 690. ಡೀಸೆಲ್ ಎಂಜಿನ್ನಿನ ಭಾರ ಎಲ್ಲಿ ಕೂತಿದೆ ಎಂದು ಅಲ್ಲೇ ಕಂಡಿತು.

ಮೊದಲ ದಿನದ ಅಳತೆ: ಖಾಲಿ ಗಾಡಿ ಮುಂದೆ 359 ಮಿ.ಮೀ., ಹಿಂದೆ 362. ನಾನು, ಮನೆಯವಳು, ಡಿಕ್ಕಿಯಲ್ಲಿ 25 ಕಿಲೊದ ನಾಲ್ಕು ಚೀಲ ಸೇರಿದರೆ ಹಿಂದೆ 320. ಮುಂದಿನ ಎಲ್ಲ ಪ್ರಯೋಗಕ್ಕೂ ಇದೇ ಜನ, ಇದೇ ಚೀಲ.

"ನಾಲ್ಕೂ ಶಾಕಪ್ ಹಾಕಿದ್ರ ಒಂದು ಇಂಚು ಏಳ್ತದ ಸರ್" ಎಂದ ಮೆಕ್ಯಾನಿಕ್. ಹಾಕಿಸಿದೆ, ಗ್ಯಾಸ್ ತುಂಬಿದ್ದೇ. ಅಳೆದರೆ ಮುಂದೆ 361, ಹಿಂದೆ 363. ಇಂಚಲ್ಲ, ಅಕ್ಕಿಕಾಳಿನ ದಪ್ಪ. ಗಾಡಿಯನ್ನು ಹೊರುವುದು ಸ್ಪ್ರಿಂಗು. ಶಾಕಪ್ಪಿನ ಕೆಲಸ ಅದರ ಕುಣಿತ ನಿಲ್ಲಿಸುವುದು. ಒಳಗಿನ ಗ್ಯಾಸು ರಾಡನ್ನು ಸ್ವಲ್ಪ ಹೊರಗೆ ತಳ್ಳುತ್ತದೆ, ಅಷ್ಟೇ. ಕುಣಿತವಂತೂ ನಿಂತಿತು: ಮೊದಲು ಹಂಪ್ಸ್ ಇಳಿದು ಮೂರು ಸಲ ತೂಗುತ್ತಿದ್ದ ಗಾಡಿ ಈಗ ಒಂದೇ ಸಲಕ್ಕೆ ಸುಮ್ಮನಾಗುತ್ತಿತ್ತು. ಹೊಟ್ಟೆ ಮಾತ್ರ ಉಜ್ಜುತ್ತಲೇ ಇತ್ತು.

ಎರಡನೆಯದು ರಬ್ಬರ್ ಬಫರ್. ಸ್ಪ್ರಿಂಗಿನ ಎರಡು ಸುತ್ತಿನ ನಡುವೆ ತುರುಕುವ ಗಟ್ಟಿ ಬಿಲ್ಲೆ; ಏನೂ ಬಿಚ್ಚಬೇಕಿಲ್ಲ, ಖರ್ಚೂ ಎಲ್ಲಕ್ಕಿಂತ ಕಡಿಮೆ. ಹಿಂದೆ ಮಾತ್ರ ಹಾಕಿಸಿದೆ. ಖಾಲಿ 368, ಲೋಡಿಗೆ 338. ಹದಿನೆಂಟು ಮಿ.ಮೀ. ಪುಕ್ಕಟೆ ಸಿಕ್ಕಂತಾಯಿತು ಎಂದು ಖುಷಿಪಟ್ಟೆ. ಆದರೆ ಬಿಲ್ಲೆ ಹಿಡಿದ ಸುತ್ತು ಕೆಲಸ ಮಾಡುವುದಿಲ್ಲ, ಅದರ ಪಾಲಿನ ಒತ್ತಡವೂ ಉಳಿದ ಸುತ್ತುಗಳ ತಲೆಗೆ ಬರುತ್ತದೆ. ಚೀಲ ಇಳಿಸಿ ಖಾಲಿ ಬರುವಾಗ ಹಿಂಭಾಗ ಟಂಟಂ ಎಂದು ಪುಟಿಯುತ್ತಿತ್ತು. ಎರಡೇ ತಿಂಗಳಿಗೆ ಎಡಗಡೆಯ ಬಿಲ್ಲೆ ಜಾರಿ ಎಲ್ಲೋ ಬಿದ್ದುಹೋಯಿತು. ಬಲಗಡೆಯದನ್ನು ನಾನೇ ಕಿತ್ತೆ.

ಮೂರನೆಯದು ಹೊರಗಿನ ಕಂಪನಿಯ ಹೆವಿ ಡ್ಯೂಟಿ ಸ್ಪ್ರಿಂಗು, ನಾಲ್ಕೂ ಕಡೆ. ಜ್ಯಾಕಿನಿಂದ ಇಳಿಸಿದ ಕೂಡಲೇ ಗಾಡಿ ಜೀಪಿನ ಹಾಗೆ ನಿಂತಿತು: ಮುಂದೆ 396, ಹಿಂದೆ 402. ಸಾವಿರ ಕಿ.ಮೀ. ಓಡಿದ ಮೇಲೆ ಕೂತು 389, 396 ಆಯಿತು. ಹೊಸ ಸ್ಪ್ರಿಂಗು ಒಂದಿಷ್ಟು ಕೂರುವುದು ಸಹಜ, ಹಾಕಿಸಿದ ದಿನದ ಫೋಟೊ ನಂಬಬೇಡಿ. ಲೋಡಿಗೆ ಹಿಂದೆ 364, ಅಂದರೆ ಹಳೆಯ ಖಾಲಿ ಗಾಡಿಗಿಂತಲೂ ಮೇಲೆ. ಗಂಗಾವತಿಯಿಂದ ಕಾರಟಗಿವರೆಗೆ ಒಂದು ಹಂಪ್ಸೂ ತಾಗಲಿಲ್ಲ. ಟೇಪಿನ ಮಾತು ಕೇಳುವುದಾದರೆ ಇದೇ ಗೆದ್ದಿತು.

ಬೆನ್ನಿನ ಮಾತು ಬೇರೆ. ಶಾಕಪ್ಪಿನ ಉದ್ದ ಅಷ್ಟೇ ಇರುವಾಗ ಸ್ಪ್ರಿಂಗು ಮಾತ್ರ ಎತ್ತರವಾದರೆ ರಾಡು ನಿಂತಲ್ಲೇ ಅರ್ಧಕ್ಕಿಂತ ಹೆಚ್ಚು ಹೊರಬಂದಿರುತ್ತದೆ, ಚಕ್ರ ಕೆಳಗೆ ಇಳಿಯಲು ಹೆಚ್ಚು ಜಾಗವಿರುವುದಿಲ್ಲ. ತಗ್ಗು ಬಂದಾಗ ಚಕ್ರ ಇಳಿಯುತ್ತದೆ, ರಾಡು ಕೊನೆ ಮುಟ್ಟಿ 'ಟಕ್' ಎನ್ನುತ್ತದೆ. ಕುಷ್ಟಗಿ ದಾರಿಯಲ್ಲಿ ಆ ಟಕ್ಕುಗಳನ್ನು ಎಣಿಸುವುದನ್ನು ಮಗಳು ಆಟ ಮಾಡಿಕೊಂಡಿದ್ದಳು. ಎತ್ತರದ ಜೊತೆ ಚಕ್ರದ ಕೋನವೂ ಬದಲಾಗುವುದರಿಂದ ಅಲೈನ್‌ಮೆಂಟ್ ಎರಡು ಸಲ ಮಾಡಿಸಬೇಕಾಯಿತು, ಒಂದು ಹಾಕಿದಾಗ, ಇನ್ನೊಂದು ಸ್ಪ್ರಿಂಗು ಕೂತ ಮೇಲೆ. ನಾಲ್ಕು ತಿಂಗಳಿಗೆ ಮನೆಯವಳು "ನಾ ಬಸ್ಸಿಗೆ ಬರ್ತೀನಿ, ನೀವು ಅಕ್ಕಿ ತಗೊಂಡು ಬರ್ರಿ" ಎಂದಳು.

ಕೊನೆಗೆ ಬಂದದ್ದು ಮೊದಲೇ ಮಾಡಬೇಕಿದ್ದ ಕೆಲಸಕ್ಕೆ: ಪಾರ್ಟ್ ನಂಬರ್ ನೋಡಿ ಕಂಪನಿಯದೇ ಸ್ಪ್ರಿಂಗು. ಅಂಗಡಿಯಲ್ಲಿ ಮೊದಲು ಪೆಟ್ರೋಲ್ ಗಾಡಿಯದನ್ನು ಕೊಟ್ಟಿದ್ದರು. ಕಣ್ಣಿಗೆ ಎರಡೂ ಒಂದೇ, ಸುತ್ತಿನ ಮೇಲಿನ ಬಣ್ಣದ ಗುರುತು ಬೇರೆ. ಹಗುರ ಎಂಜಿನ್ನಿನ ಸ್ಪ್ರಿಂಗು ಹಾಕಿದ್ದರೆ ಮೂತಿ ಮತ್ತೆ ಕುಸಿಯುತ್ತಿತ್ತು. ವಾಪಸ್ ಕೊಟ್ಟು ಬದಲಾಯಿಸಿದೆ, ಜೊತೆಗೆ ಸ್ಪ್ರಿಂಗು ಪೂರ್ತಿ ಕುಗ್ಗಿದಾಗ ಪೆಟ್ಟು ತಡೆಯುವ ಹೊಸ ಬಂಪ್ ಸ್ಟಾಪ್, ಶಾಕಪ್ಪಿನ ತಲೆಯನ್ನು ಗಾಡಿಗೆ ಹಿಡಿಸುವ ಸ್ಟ್ರಟ್ ಮೌಂಟ್.

ಹಾಕಿಸಿ ಬಂದು ವೇಬ್ರಿಜ್ ಮೇಲೆ ಅಳೆದರೆ ಮುಂದೆ 387! ಕಂಪನಿ ಸ್ಪ್ರಿಂಗು ಹೆವಿ ಡ್ಯೂಟಿಯಷ್ಟೇ ಎತ್ತರ ನಿಂತಿದೆ ಎಂದರೆ ಏನೋ ಎಡವಟ್ಟು. ಹಿಂದೆ ನಿರೀಕ್ಷೆಯಂತೆ 377 ಇತ್ತು. ಮಿಲ್ಲಿಗೆ ಬರುವ ಲಾರಿಗಳ ಹಿರಿಯ ಮೆಕ್ಯಾನಿಕ್ ಒಬ್ಬರು ಪಕ್ಕದಲ್ಲೇ ಚಹಾ ಕುಡಿಯುತ್ತಿದ್ದರು. ಬಗ್ಗಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಲೋವರ್ ಆರ್ಮ್ ಬೋಲ್ಟ್ ಜ್ಯಾಕಿ ಮ್ಯಾಲಿದ್ದಾಗ ಬಿಗಿ ಮಾಡ್ಯಾರೇನು?" ಮಾಡಿದ್ದರು, ನಾನೇ ಕಣ್ಣಾರೆ ನೋಡಿದ್ದೆ. ಲೋವರ್ ಆರ್ಮ್ ಎಂದರೆ ಚಕ್ರವನ್ನು ಗಾಡಿಯ ಅಡಿಗೆ ಜೋಡಿಸುವ ಕೈ; ಅದರ ಕೀಲಿನೊಳಗಿನ ಬುಷ್ ರಬ್ಬರಿನದು. ಚಕ್ರ ನೇತಾಡುತ್ತಿರುವಾಗ ಬೋಲ್ಟ್ ಬಿಗಿದರೆ ರಬ್ಬರು ಆ ಭಂಗಿಯಲ್ಲೇ ಹಿಡಿದುಕೊಳ್ಳುತ್ತದೆ. ಗಾಡಿ ಇಳಿಸಿದಾಗ ಅದು ತಿರುಚಿಕೊಂಡು ಆರ್ಮನ್ನು ಕೆಳಕ್ಕೇ ಎಳೆಯುತ್ತಿರುತ್ತದೆ, ಇನ್ನೊಂದು ಸಣ್ಣ ಸ್ಪ್ರಿಂಗು ಇದ್ದಂತೆ. ಎತ್ತರ ಸುಳ್ಳು ಹೇಳುತ್ತದೆ, ಬುಷ್ಷೂ ಬೇಗ ಹರಿಯುತ್ತದೆ. ಮುಂದಿನ ಎರಡೂ ಚಕ್ರ ಹಲಗೆಯ ಮೇಲೆ ಹತ್ತಿಸಿ, ಭಾರವೆಲ್ಲ ಚಕ್ರದ ಮೇಲೇ ಇರುವಾಗ ಅವರು ಬೋಲ್ಟ್ ಸಡಿಲಿಸಿದರು. ಬಾನೆಟ್ ಹಿಡಿದು ನಾಲ್ಕು ಸಲ ಒತ್ತಿ ಬಿಟ್ಟೆವು. ಒಳಗೆಲ್ಲೋ 'ಕಿರ್ರ್' ಎಂದಿತು. ಮತ್ತೆ ಬಿಗಿದು ಅಳೆದರೆ 379. ಚಹಾದ ದುಡ್ಡು ಬಿಟ್ಟು ಬೇರೇನೂ ತೆಗೆದುಕೊಳ್ಳಲಿಲ್ಲ.

ಲೋಡಿಗೆ ಈಗ ಹಿಂದೆ 335. ಟೇಪಿನ ಪ್ರಕಾರ ರಬ್ಬರ್ ಬಿಲ್ಲೆಗಿಂತಲೂ ಮೂರು ಮಿ.ಮೀ. ಕಡಿಮೆ. ಆದರೂ ತಾಗುವುದು ಬಿಲ್ಲೆ ಇದ್ದಾಗಿಗಿಂತ ಕಡಿಮೆ, ಏಕೆಂದರೆ ಬಿಲ್ಲೆ ಎತ್ತಿದ್ದು ಹಿಂಭಾಗವನ್ನು ಮಾತ್ರ, ಹಂಪ್ಸಿಗೆ ಮೊದಲು ಉಜ್ಜುತ್ತಿದ್ದದ್ದು ಮುಂಭಾಗ. ಅಲ್ಲಿ ಈಗ ಇಪ್ಪತ್ತು ಮಿ.ಮೀ. ಲಾಭ. ಖಾಲಿ ಇದ್ದಾಗ ಮೆತ್ತಗೆ ಹೋಗುತ್ತದೆ, 'ಟಕ್' ಇಲ್ಲ. ನೋಡಲು ಗತ್ತಿಲ್ಲ ಎನ್ನುವುದೊಂದೇ ಕೊರತೆ, ಎದುರು ಮನೆಯ ಹುಡುಗ "ಏನ್ ಅಂಕಲ್, ಮತ್ತ ಇಳಿಸೇಬಿಟ್ರಿ?" ಎಂದ.

ಹೆವಿ ಡ್ಯೂಟಿ ಸ್ಪ್ರಿಂಗುಗಳನ್ನು ಷಡ್ಡಕ ಒಯ್ದ. ಅವನದೂ ಇದೇ ಗಾಡಿ, ದಿನಾ ತರಕಾರಿ ಹೇರುತ್ತಾನೆ, ಖಾಲಿ ಓಡಿಸುವುದು ಸರ್ವಿಸಿಗೆ ಬಿಡುವಾಗ ಮಾತ್ರ. ಇದಕ್ಕಿಂತ ಒಳ್ಳೆಯದು ಇಲ್ಲ ಎನ್ನುತ್ತಾನೆ, ಅವನ ಮಟ್ಟಿಗೆ ನಿಜವೇ. ನಾನಂತೂ ಶ್ರೀರಾಮನಗರ ದಾಟಿದ ಮೇಲಿನ ಒಂದು ಹಂಪ್ಸನ್ನು, ಚೀಲ ಇದ್ದ ದಿನ, ಈಗಲೂ ಓರೆಯಾಗಿ ಹತ್ತಿಸುತ್ತೇನೆ.