ಇಪ್ಪತ್ತು ವರ್ಷ ಔಟ್‌ಲುಕ್, ನೂರೆಂಟು ಸಲ ಪಿಎಸ್‌ಟಿ ರಿಪೇರಿ

ಸಾಗರದಲ್ಲಿ ನನ್ನದೊಂದು ಸಣ್ಣ ಆಫೀಸು. ಅಡಿಕೆ ಮಂಡಿಯವರು, ಕಿರಾಣಿ ಅಂಗಡಿಯವರು, ಒಂದಿಬ್ಬರು ಕಂಟ್ರಾಕ್ಟರ್‌ಗಳು, ಇವರ ತೆರಿಗೆ ಲೆಕ್ಕ ನೋಡಿಕೊಳ್ಳುತ್ತೇನೆ. 2005ರಲ್ಲಿ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಂದಾಗ ಅದರಲ್ಲಿ ಮೈಕ್ರೋಸಾಫ್ಟ್‌ನ ಆಫೀಸ್ ಎಕ್ಸ್‌ಪಿ ಇತ್ತು. ಅದರ ಜೊತೆ ಬಂದದ್ದು ಔಟ್‌ಲುಕ್ 2002. ಆಮೇಲೆ 2007, 2013, ಈಗ 2019. ನಡುವೆ ಬೇರೆ ಯಾವ ಮೇಲ್ ಸಾಫ್ಟ್‌ವೇರನ್ನೂ ಮುಟ್ಟಿಲ್ಲ.

ಇಷ್ಟವಾದದ್ದು ಏನು ಅಂದರೆ, ನೆಟ್ ಇಲ್ಲದಿದ್ದರೂ ಹತ್ತು ವರ್ಷ ಹಿಂದಿನ ಮೇಲ್ ತೆರೆದು ಓದಬಹುದು. ಒಬ್ಬೊಬ್ಬ ಗಿರಾಕಿಗೆ ಒಂದೊಂದು ಫೋಲ್ಡರ್, ಮೇಲ್ ಬಂದ ಕೂಡಲೇ ರೂಲ್ ಪ್ರಕಾರ ತಾನಾಗಿ ಅಲ್ಲಿಗೆ ಹೋಗಿ ಕೂರುತ್ತದೆ. ಇಷ್ಟು ಸಾಕು ನನಗೆ. ಉಳಿದದ್ದೆಲ್ಲ ತಲೆನೋವಿನ ಕಥೆ, ಅದು ಪಿಎಸ್‌ಟಿ ಫೈಲಿನದು.

ಪಿಎಸ್‌ಟಿ ಅಂದರೆ ಹಳೇ ಕಾಲದ ಟ್ರಂಕ್ ಇದ್ದ ಹಾಗೆ. ಜಮೀನಿನ ಪತ್ರ, ಒಡವೆ, ಮಕ್ಕಳ ಜಾತಕ ಎಲ್ಲ ಒಂದೇ ಟ್ರಂಕಿನಲ್ಲಿ. ಮೇಲ್, ಅಟ್ಯಾಚ್‌ಮೆಂಟ್, ಕ್ಯಾಲೆಂಡರ್, ವಿಳಾಸಗಳು ಎಲ್ಲವನ್ನೂ ಔಟ್‌ಲುಕ್ ಒಂದೇ ಫೈಲಿಗೆ ತುಂಬುತ್ತದೆ. ಆ ಫೈಲಿನೊಳಗೆ ಯಾವುದು ಎಲ್ಲಿದೆ ಅಂತ ಒಂದು ಸೂಚಿ ಇರುತ್ತದೆ. ಬರೆಯುವಾಗ ಅರ್ಧಕ್ಕೇ ನಿಂತರೆ ಸೂಚಿ ಒಂದು ಹೇಳುತ್ತದೆ, ಒಳಗಿರುವುದು ಇನ್ನೊಂದು. ಮರುದಿನ ಬೆಳಗ್ಗೆ ಫೈಲಿನಲ್ಲಿ ದೋಷ ಇದೆ, ಇನ್‌ಬಾಕ್ಸ್ ರಿಪೇರಿ ಟೂಲ್ ಬಳಸಿ ಅನ್ನುವ ಆ ಪೆಟ್ಟಿಗೆ ಪರದೆ ಮೇಲೆ ಎದ್ದು ನಿಲ್ಲುತ್ತದೆ.

ಮೊದಲ ಪೆಟ್ಟು ಬಿದ್ದದ್ದು 2011ರಲ್ಲಿ. ಆಗ ಔಟ್‌ಲುಕ್ 2007 ಬಂದು ಎರಡು ವರ್ಷ ಆಗಿತ್ತು, ಆದರೆ ಫೈಲ್ ಮಾತ್ರ ಹಳೇದೇ. ಹೊಸ ಔಟ್‌ಲುಕ್‌ನಲ್ಲಿ ತೆರೆದ ಮಾತ್ರಕ್ಕೆ ಹಳೇ ಫೈಲ್ ಹೊಸ ಬಗೆಗೆ ಬದಲಾಗುವುದಿಲ್ಲ, ಇದು ನನಗೆ ಗೊತ್ತೇ ಇರಲಿಲ್ಲ. 2002ರವರೆಗಿನ ಔಟ್‌ಲುಕ್ ಮಾಡುತ್ತಿದ್ದ ಪಿಎಸ್‌ಟಿಗೆ 2 ಜಿಬಿ ಮಿತಿ. 2003ರಿಂದ ಯೂನಿಕೋಡ್ ಪಿಎಸ್‌ಟಿ, ಅಂದರೆ ಎಲ್ಲ ಭಾಷೆಯ ಅಕ್ಷರವೂ ಹಿಡಿಯುವ ಬಗೆಯದು ಬಂತು, ಅದಕ್ಕೆ 20 ಜಿಬಿ. 2010ರಿಂದ 50 ಜಿಬಿ. ನನ್ನದು ಎರಡರ ಹತ್ತಿರ ಬಂದು ಏದುಸಿರು ಬಿಡುತ್ತಿತ್ತು. ಹೊಸ ಫೈಲ್ ಮಾಡಿ ಎಲ್ಲ ಫೋಲ್ಡರ್‌ಗಳನ್ನು ಒಂದೊಂದಾಗಿ ಎಳೆದು ಹಾಕಿದೆ, ಸಮಸ್ಯೆ ಮುಗಿಯಿತು.

ಆದರೆ ಹಳೇ ಫೈಲ್ ಒಂದು ಗಾಯ ಉಳಿಸಿತು. 2009ರಲ್ಲಿ ಜಿಮೇಲ್‌ನಲ್ಲಿ ಕನ್ನಡ ಟೈಪ್ ಮಾಡುವ ಸೌಲಭ್ಯ ಬಂದಿತ್ತು ಅಲ್ವಾ, ಒಬ್ಬ ಮಂಡಿ ಸಾಹುಕಾರರು ಆವತ್ತಿನಿಂದ ಮೇಲ್‌ಗಳ ತಲೆಬರಹವನ್ನೆಲ್ಲ ಕನ್ನಡದಲ್ಲೇ ಬರೆಯುತ್ತಿದ್ದರು. ಹಳೇ ಬಗೆಯ ಪಿಎಸ್‌ಟಿಗೆ ಕನ್ನಡ ಅಕ್ಷರ ಇಟ್ಟುಕೊಳ್ಳಲು ಜಾಗವೇ ಇಲ್ಲ. ಅವರ ಎರಡು ವರ್ಷದ ಮೇಲ್‌ಗಳ ತಲೆಬರಹ ಇವತ್ತಿಗೂ ಸಾಲು ಸಾಲು ಪ್ರಶ್ನೆ ಚಿಹ್ನೆ. ಹೊಸ ಫೈಲಿಗೆ ಎಳೆದರೂ ವಾಪಸ್ ಬರಲಿಲ್ಲ. ಹೋದದ್ದು ಹೋಯಿತು.

ಆಮೇಲೆ ಆರು ವರ್ಷ ಸುಖ. 2017ರ ಜುಲೈನಲ್ಲಿ ಜಿಎಸ್‌ಟಿ ಬಂತು, ಕೆಲಸ ದುಪ್ಪಟ್ಟಾಯಿತು, ಒಬ್ಬ ಹುಡುಗನನ್ನು ಸೇರಿಸಿಕೊಂಡೆ, ಎರಡನೇ ಕಂಪ್ಯೂಟರ್ ತಂದೆ. ಇಬ್ಬರಿಗೂ ಮೇಲ್ ಸಿಗಲಿ ಅಂತ ಪಿಎಸ್‌ಟಿಯನ್ನು ನೆಟ್‌ವರ್ಕ್ ಡಿಸ್ಕ್ ಮೇಲೆ ಇಟ್ಟೆ. ಇದು ನನ್ನ ಬುದ್ಧಿವಂತಿಕೆ. ಒಬ್ಬರು ತೆರೆದರೆ ಇನ್ನೊಬ್ಬರಿಗೆ ಫೈಲ್ ಬಳಕೆಯಲ್ಲಿದೆ ಅಂತ ಬರುತ್ತಿತ್ತು. ಹದಿನೈದು ದಿನಕ್ಕೊಮ್ಮೆ ಫೈಲ್ ಕೆಡುತ್ತಿತ್ತು. ನೆಟ್‌ವರ್ಕ್ ಮೇಲಿಟ್ಟ ಪಿಎಸ್‌ಟಿಯನ್ನು ಔಟ್‌ಲುಕ್‌ನಿಂದ ನೇರವಾಗಿ ಬಳಸಬೇಡಿ ಅಂತ ಮೈಕ್ರೋಸಾಫ್ಟ್‌ನವರೇ ಹೇಳಿದ್ದಾರೆ. ನಾನು ಓದಿದ್ದು ಮೂರು ವರ್ಷ ತಡವಾಗಿ.

ಸ್ಕ್ಯಾನ್‌ಪಿಎಸ್‌ಟಿ ನನಗೆ ಬಾಯಿಪಾಠ ಆದದ್ದು ಆ ಮೂರು ವರ್ಷದಲ್ಲಿ. ಇದೇ ಇನ್‌ಬಾಕ್ಸ್ ರಿಪೇರಿ ಟೂಲ್. ಆಫೀಸ್ ಜೊತೆಗೇ ಬರುತ್ತದೆ, ಆದರೆ ಸ್ಟಾರ್ಟ್ ಮೆನುವಿನಲ್ಲಿ ಸಿಗುವುದಿಲ್ಲ. ನನ್ನ ಕಂಪ್ಯೂಟರಿನಲ್ಲಿ ಸಿ ಡ್ರೈವ್‌ನ ಪ್ರೋಗ್ರಾಂ ಫೈಲ್ಸ್, ಅದರೊಳಗೆ ಮೈಕ್ರೋಸಾಫ್ಟ್ ಆಫೀಸ್, ಅದರೊಳಗೆ ರೂಟ್, ಅದರೊಳಗೆ ಆಫೀಸ್16. ಇಷ್ಟು ಆಳದಲ್ಲಿ ಬಚ್ಚಿಟ್ಟದ್ದಕ್ಕೆ ನಾನು ಒಂದು ಅಂಕ ಕಳೆಯುತ್ತೇನೆ. ಶಾರ್ಟ್‌ಕಟ್ ಮಾಡಿ ಡೆಸ್ಕ್‌ಟಾಪ್‌ನಲ್ಲಿ ಇಟ್ಟುಕೊಂಡಿದ್ದೇನೆ.

ಔಟ್‌ಲುಕ್ ಪೂರ್ತಿ ಮುಚ್ಚಿರಬೇಕು. ಫೈಲ್ ಆರಿಸಿ ಸ್ಟಾರ್ಟ್ ಒತ್ತಿದರೆ ಎಂಟು ಹಂತಗಳಲ್ಲಿ ನೋಡುತ್ತಾ ಹೋಗುತ್ತದೆ. ದೋಷ ಸಿಕ್ಕಿದರೆ ರಿಪೇರಿ ಮಾಡಲೇ ಅಂತ ಕೇಳುತ್ತದೆ. ಅಲ್ಲಿ ಬ್ಯಾಕಪ್ ಮಾಡು ಅನ್ನುವ ಚೌಕಕ್ಕೆ ಟಿಕ್ ಮೊದಲೇ ಬಿದ್ದಿರುತ್ತದೆ. ದಯವಿಟ್ಟು ಅದನ್ನು ತೆಗೆಯಬೇಡಿ. ಬ್ಯಾಕಪ್ ಅಂದರೆ ಪೂರ್ತಿ ಫೈಲಿನ ನಕಲು, ಆದ್ದರಿಂದ ನನ್ನ 14 ಜಿಬಿ ಫೈಲಿಗೆ ಇನ್ನೊಂದು 14 ಜಿಬಿ ಖಾಲಿ ಜಾಗ ಬೇಕಾಗುತ್ತಿತ್ತು. ಒಂದು ಸಲ ಓಡಿಸಿದರೆ ಮುಗಿಯಲಿಲ್ಲ. ದೋಷ ಇಲ್ಲ ಅಂತ ಬರುವವರೆಗೆ ಮತ್ತೆ ಮತ್ತೆ ಓಡಿಸಬೇಕು. ನಾನು ಸಂಜೆ ಹಚ್ಚಿ ಮನೆಗೆ ಹೋಗಿ, ಬೆಳಗ್ಗೆ ಬಂದು ನೋಡಿ, ಮತ್ತೆ ಹಚ್ಚುತ್ತಿದ್ದೆ.

ಇದು ಫೈಲಿನ ಅಸ್ಥಿಪಂಜರ ಸರಿ ಮಾಡುತ್ತದೆ, ಪೂರ್ತಿ ಕೆಟ್ಟುಹೋದ ಮೇಲ್ ತಂದುಕೊಡುವುದಿಲ್ಲ. ಎಲ್ಲಿಯದು ಅಂತ ತಿಳಿಯದ ಮೇಲ್‌ಗಳನ್ನು ಲಾಸ್ಟ್ ಅಂಡ್ ಫೌಂಡ್ ಅನ್ನುವ ಫೋಲ್ಡರ್‌ಗೆ ಸುರಿಯುತ್ತದೆ. ಒಂದು ಸಲ ಅಲ್ಲಿ ನಾನೂರು ಚಿಲ್ಲರೆ ಮೇಲ್ ಸಿಕ್ಕಿದವು. ಎರಡು ಭಾನುವಾರ ಕೂತು ಹಂಚಿದೆ. ದುಡ್ಡು ಕೊಟ್ಟು ಕೊಳ್ಳುವ ರಿಪೇರಿ ಸಾಫ್ಟ್‌ವೇರ್ ಒಂದನ್ನೂ ನೋಡಿದೆ. ಡೆಮೊದಲ್ಲಿ ಎಲ್ಲಾ ಮೇಲ್ ಚಂದ ಕಾಣಿಸುತ್ತವೆ, ಸೇವ್ ಒತ್ತಿದರೆ ಕೈ ಚಾಚುತ್ತದೆ. ಕೊಳ್ಳಲಿಲ್ಲ.

2020ರಲ್ಲಿ ಹೊಸ ಕಂಪ್ಯೂಟರ್, ಔಟ್‌ಲುಕ್ 2019. ನೆಟ್‌ವರ್ಕ್ ಡಿಸ್ಕ್‌ಗೆ ಕೈಮುಗಿದು ಫೈಲನ್ನು ಡಾಕ್ಯುಮೆಂಟ್ಸ್ ಒಳಗಿನ ಔಟ್‌ಲುಕ್ ಫೈಲ್ಸ್ ಫೋಲ್ಡರ್‌ಗೆ ತಂದೆ. ಔಟ್‌ಲುಕ್ ತಾನೇ ಆರಿಸುವ ಜಾಗ ಅದು. ಇನ್ನು ತಂಟೆ ಇಲ್ಲ ಅಂದುಕೊಂಡೆ. ತಂಟೆ ಮುಂದುವರಿಯಿತು.

2022ರ ಜುಲೈ 30. ಮರುದಿನ ಆದಾಯ ತೆರಿಗೆ ರಿಟರ್ನ್ಸ್‌ಗೆ ಕೊನೆ ದಿನ, ಆ ವರ್ಷ ಗಡುವು ಮುಂದಕ್ಕೂ ಹೋಗಲಿಲ್ಲ. ಹೊರಗೆ ಮಳೆ ಹೊಯ್ಯುತ್ತಿದೆ, ಕರೆಂಟ್ ಬಂದು ಹೋಗಿ ಮಾಡುತ್ತಿದೆ, ಯುಪಿಎಸ್ ಕೀಂಯ್ ಅನ್ನುತ್ತಿದೆ. ಔಟ್‌ಲುಕ್ ತೆರೆದರೆ ಅದೇ ಪೆಟ್ಟಿಗೆ. ಕಂಪ್ಯೂಟರ್ ರಿಪೇರಿ ಹುಡುಗನಿಗೆ ಫೋನ್ ಮಾಡಿದೆ. ರೇನ್‌ಕೋಟ್ ಬಾಗಿಲಲ್ಲಿ ನೇತುಹಾಕಿ ಬಂದು ಕೂತ. ನಾನು ಸ್ಕ್ಯಾನ್‌ಪಿಎಸ್‌ಟಿ ಪುರಾಣ ಶುರು ಮಾಡಿದೆ. ಅವನು ಕೇಳಿಸಿಕೊಳ್ಳದೆ ಫೋಲ್ಡರ್ ತೆರೆದ.

"ಭಟ್ರೇ, ಇದ್ರ ಪಕ್ಕ ಈ ನೀಲಿ ಬಾಣ ಎಂತಕ್ಕೆ ತಿರುಗ್ತಾ ಇದೆ?"

"ಗೊತ್ತಿಲ್ಲ ಮಾರಾಯ, ಯಾವಾಗ್ಲೂ ತಿರುಗ್ತದೆ."

"ಎರಡು ವರ್ಷದಿಂದನಾ?"

ಆಮೇಲೆ ತಿಳಿಯಿತು. ಹೊಸ ಕಂಪ್ಯೂಟರ್ ಹಚ್ಚಿದ ದಿನ ನಿಮ್ಮ ಡಾಕ್ಯುಮೆಂಟ್ಸ್ ಒನ್‌ಡ್ರೈವ್‌ನಲ್ಲಿ, ಅಂದರೆ ಮೈಕ್ರೋಸಾಫ್ಟ್‌ನ ಕ್ಲೌಡ್‌ನಲ್ಲಿ, ಇಡಲೇ ಅಂತ ಅದು ಕೇಳಿತ್ತು. ನಾನು ಓದದೆ ಸುಮ್ನೆ ಸರಿ ಅಂತ ಒತ್ತಿದ್ದೆ. ಡಾಕ್ಯುಮೆಂಟ್ಸ್ ಜೊತೆ ಪಿಎಸ್‌ಟಿಯೂ ಹೋಗಿತ್ತು. ಔಟ್‌ಲುಕ್ ಬರೆಯುವ ಫೈಲನ್ನೇ ಕ್ಲೌಡ್ ಎಳೆದು ಕಳಿಸಲು ನೋಡುತ್ತಿತ್ತು. ಒಂದು ಸಣ್ಣ ಮೇಲ್ ಬಂದರೂ ಫೈಲ್ ಬದಲಾಗುತ್ತದೆ, ಬದಲಾದರೆ ಮತ್ತೆ 14 ಜಿಬಿಯ ಫೈಲಿನ ಹಿಂದೆ ಓಟ. ತಾಸುಗಟ್ಟಲೆ ಕೂತು ರಿಪೇರಿ ಮಾಡಿದ ಫೈಲನ್ನು ನಾನು ಪ್ರತಿ ಸಲ ಅದೇ ಬಾಣದ ಬಾಯಿಗೆ ವಾಪಸ್ ಇಡುತ್ತಿದ್ದೆ.

ನಿಮ್ಮ ಫೈಲ್ ಎಲ್ಲಿದೆ ಅಂತ ನೋಡಲು ಅರ್ಧ ನಿಮಿಷ ಸಾಕು. ಫೈಲ್ ಮೆನು, ಅಕೌಂಟ್ ಸೆಟ್ಟಿಂಗ್ಸ್, ಅಲ್ಲಿ ಡೇಟಾ ಫೈಲ್ಸ್ ಟ್ಯಾಬ್. ಫೈಲಿನ ಪೂರ್ತಿ ದಾರಿ ಅಲ್ಲೇ ಬರೆದಿರುತ್ತದೆ. ಅದರಲ್ಲಿ ಒನ್‌ಡ್ರೈವ್ ಅಂತ ಕ್ಲೌಡ್ ಫೋಲ್ಡರಿನ ಹೆಸರು ಕಂಡರೆ ರೋಗ ಅಲ್ಲಿದೆ. ಔಟ್‌ಲುಕ್ ಮುಚ್ಚಿ, ಫೈಲನ್ನು ಸಿ ಡ್ರೈವ್‌ನಲ್ಲಿ ಬೇರೆ ಫೋಲ್ಡರ್‌ಗೆ ಸಾಗಿಸಿ, ಮತ್ತೆ ತೆರೆದರೆ ಫೈಲ್ ಸಿಗಲಿಲ್ಲ ಅಂತ ಗೊಣಗುತ್ತದೆ, ಹೊಸ ಜಾಗ ತೋರಿಸಿ. ಆ ರಾತ್ರಿ ನಾವು ಮಾಡಿದ್ದು ಇಷ್ಟೇ, ಜೊತೆಗೆ ಕಡೆಯ ಒಂದು ರಿಪೇರಿ.

ಅಲ್ಲಿಂದ ಈವರೆಗೆ ಎರಡೇ ಸಲ ಕೆಟ್ಟಿದೆ. ಎರಡಕ್ಕೂ ಕಾರಣ ಯುಪಿಎಸ್ ಬ್ಯಾಟರಿ ಸತ್ತದ್ದು. ಮಲೆನಾಡಿನ ಮಳೆಗಾಲದಲ್ಲಿ ಬ್ಯಾಟರಿ ಇಲ್ಲದೆ ಔಟ್‌ಲುಕ್ ತೆರೆದಿಡುವುದು ಮೂರ್ಖತನ. ಇನ್ನೊಂದು, ಕೆಂಪು ಗುಂಡಿ ಒತ್ತಿ ಕಿಟಕಿ ಮುಚ್ಚಿದ ಕೂಡಲೇ ಔಟ್‌ಲುಕ್ ಮುಚ್ಚಿತು ಅಂತಲ್ಲ. ಫೈಲ್ ದೊಡ್ಡದಿದ್ದರೆ ಒಳಗೆ ಇನ್ನೂ ಬರೆಯುತ್ತಿರುತ್ತದೆ. ನನ್ನ ಹುಡುಗ ಏಳು ಗಂಟೆಗೆ ಗೋಡೆಯ ಸ್ವಿಚ್ಚನ್ನೇ ಆರಿಸುತ್ತಿದ್ದ. ಅದು ನಾನೇ ಕಲಿಸಿದ ಅಭ್ಯಾಸ.

ಮೇಲ್ ಅಳಿಸಿದರೆ ಫೈಲ್ ಚಿಕ್ಕದಾಗುತ್ತದೆ ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಕೂಡಲೇ ಆಗುವುದಿಲ್ಲ, ಒಳಗೆ ಖಾಲಿ ಜಾಗ ಉಳಿಯುತ್ತದೆ. ಡೇಟಾ ಫೈಲಿನ ಸೆಟ್ಟಿಂಗ್ಸ್‌ನಲ್ಲಿ ಕಾಂಪ್ಯಾಕ್ಟ್ ನೌ ಒತ್ತಬೇಕು. 50 ಜಿಬಿವರೆಗೆ ಬಿಡುತ್ತದೆ ಅಂತ ತುಂಬುತ್ತಾ ಹೋಗುವುದೂ ಒಳ್ಳೆಯದಲ್ಲ. ನಾನು ಎರಡು ವರ್ಷಕ್ಕೊಂದು ಪಿಎಸ್‌ಟಿ ಮಾಡಿ ಹಳೇದನ್ನು ಎತ್ತಿಡುತ್ತೇನೆ. ವಾರಕ್ಕೊಮ್ಮೆ ಔಟ್‌ಲುಕ್ ಮುಚ್ಚಿ ಹೊರಗಿನ ಡಿಸ್ಕ್‌ಗೆ ನಕಲು.

ಐಮ್ಯಾಪ್, ಅಂದರೆ ಮೇಲ್ ಸರ್ವರ್‌ನಲ್ಲೇ ಉಳಿಯುವ ಬಗೆಯ ಖಾತೆ, ಇರುವವರಿಗೆ ಇಷ್ಟು ಗೋಳಿಲ್ಲ. ಔಟ್‌ಲುಕ್ 2013ರಿಂದ ಐಮ್ಯಾಪ್ ಖಾತೆಗೆ ಒಎಸ್‌ಟಿ ಫೈಲ್, ಅದು ಸರ್ವರ್‌ನಲ್ಲಿರುವ ಮೇಲ್‌ಗಳ ನಕಲು. ಕೆಟ್ಟರೆ ಹೆಸರು ಬದಲಿಸಿ ಔಟ್‌ಲುಕ್ ತೆರೆದರೆ ಹೊಸದಾಗಿ ಇಳಿಸಿಕೊಳ್ಳುತ್ತದೆ. ಆದರೆ ಎಚ್ಚರ, ಆ ಖಾತೆಯ ಕ್ಯಾಲೆಂಡರ್, ವಿಳಾಸಗಳ ಪಕ್ಕ ಈ ಕಂಪ್ಯೂಟರ್ ಮಾತ್ರ ಅಂತ ಬರೆದಿದ್ದರೆ ಅವು ಸರ್ವರ್‌ನಲ್ಲಿ ಇಲ್ಲ, ಮೊದಲು ಎತ್ತಿಟ್ಟುಕೊಳ್ಳಿ. ನನ್ನದು ಪಾಪ್ ಖಾತೆ, ಮೇಲನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಹಳೇ ಬಗೆ, ಸರ್ವರ್‌ನಲ್ಲಿ ಪ್ರತಿ ಉಳಿಸುವ ಆಯ್ಕೆಯನ್ನೂ ವರ್ಷಗಟ್ಟಲೆ ಹಾಕಿರಲಿಲ್ಲ. ಇದ್ದದ್ದೆಲ್ಲ ಆ ಟ್ರಂಕಿನಲ್ಲೇ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಕಳೆದ ಒಂದೂವರೆಯಲ್ಲಿ ಒಂದು ಬಚ್ಚಿಟ್ಟ ಸ್ಕ್ಯಾನ್‌ಪಿಎಸ್‌ಟಿಗೆ, ಅರ್ಧ ಆ ಪ್ರಶ್ನೆ ಚಿಹ್ನೆಗಳಿಗೆ.

ಔಟ್‌ಲುಕ್ 2019ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿತು. ರಿಪೇರಿ ಹುಡುಗ ಮೈಕ್ರೋಸಾಫ್ಟ್‌ನವರು 'ನ್ಯೂ ಔಟ್‌ಲುಕ್' ಅಂತ ಬೇರೆಯಾಗಿಯೇ ಮಾಡಿದ ಹೊಸ ಸಾಫ್ಟ್‌ವೇರ್ ಹಾಕಿಕೊಳ್ಳಿ ಅನ್ನುತ್ತಾನೆ. ಅದು ಬಂದ ಹೊಸದರಲ್ಲಿ ಪಿಎಸ್‌ಟಿಯನ್ನು ತೆರೆಯುತ್ತಲೇ ಇರಲಿಲ್ಲ, ಆಮೇಲೆ ಚೂರು ಚೂರಾಗಿ ಸೇರಿಸುತ್ತಾ ಬಂದಿದ್ದಾರೆ. ಮುಂದಿನ ವಾರ ಅವನ ಲ್ಯಾಪ್‌ಟಾಪ್ ತರಲು ಹೇಳಿದ್ದೇನೆ. 2011ರ ಫೈಲಿನ ನಕಲು ಹಾಕಿ, ಸಾಹುಕಾರರ ಮಂಡಿ ಲೆಕ್ಕ ತೆರೆಯುತ್ತದೋ ಇಲ್ಲವೋ ನೋಡಿ ಆಮೇಲೆ ಮಾತು.