ಆಲ್ಬನಿಯ ‘ಸ್ಲೇಟರ್’: ಬೆಂಗಾವಲು ನೌಕೆಯೊಳಗೆ ಒಂದು ಗಂಟೆ

ನ್ಯೂಯಾರ್ಕ್ ರಾಜ್ಯದ ರಾಜಧಾನಿ ಆಲ್ಬನಿಯಲ್ಲಿ, ಹಡ್ಸನ್ ನದಿಯ ದಂಡೆಗೆ ಕಟ್ಟಿ ನಿಲ್ಲಿಸಿರುವ ‘ಯುಎಸ್‌ಎಸ್ ಸ್ಲೇಟರ್’ ನೌಕಾ ಸಂಗ್ರಹಾಲಯವನ್ನು ಕಳೆದ ಬೇಸಿಗೆಯಲ್ಲಿ ತಂದೆಯವರೊಂದಿಗೆ ನೋಡಿ ಬಂದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸರಕುಹಡಗುಗಳ ಸಾಲಿಗೆ ಕಾವಲಾಗಿ ಸಾಗಲೆಂದೇ ಅಮೆರಿಕದ ಹಡಗುಕಟ್ಟೆಗಳು ಇಂತಹ 563 ಬೆಂಗಾವಲು ಡೆಸ್ಟ್ರಾಯರ್‌ಗಳನ್ನು ಕಟ್ಟಿದವು. ಆ ದೇಶದಲ್ಲಿ ಇಂದಿಗೂ ನೀರಿನ ಮೇಲೆ ತೇಲುತ್ತಿರುವುದು ಇದೊಂದೇ. ಕಾರವಾರದ ಕಡಲತೀರದಲ್ಲಿ ನೆಲದ ಮೇಲೆ ನಿಲ್ಲಿಸಿರುವ ‘ಚಪಲ್’ ನೌಕೆಯನ್ನು ಹಿಂದೆ ನೋಡಿದ್ದ ತಂದೆಯವರು, ಸ್ಲೇಟರ್‌ನ ಹಲಗೆಮೆಟ್ಟಿಲಿನಲ್ಲಿ ಕಾಲಿಟ್ಟೊಡನೆ, “ಇದು ಅಲುಗಾಡ್ತದೆ ನೋಡು” ಎಂದು ನನ್ನ ಕೈ ಹಿಡಿದುಕೊಂಡರು.

ಇಲ್ಲಿ ಟಿಕೆಟ್ ಕೊಂಡವರನ್ನು ಮಾರ್ಗದರ್ಶಕರೊಬ್ಬರು ಚಿಕ್ಕ ಗುಂಪಾಗಿ ಕರೆದೊಯ್ದು ಸುಮಾರು ಒಂದು ಗಂಟೆ ಕಾಲ ವಿವರಿಸುತ್ತಾರೆ. ಈ ವ್ಯವಸ್ಥೆಯೇ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿತು. ಬೇರೊಂದು ಊರಿನಲ್ಲಿ ನಾನು ಹಿಂದೆ ನೋಡಿದ್ದ ಯುದ್ಧನೌಕೆಯಲ್ಲಿ ಬಾಣದ ಗುರುತುಗಳನ್ನು ಹಿಂಬಾಲಿಸಿ, ಫಲಕಗಳನ್ನು ಓದಿ, ಫಿರಂಗಿಗಳ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಹೊರಬಂದಿದ್ದೆನೇ ಹೊರತು, ಆ ಹಡಗು ಮಾಡುತ್ತಿದ್ದ ಕೆಲಸವೇನೆಂಬುದು ನನ್ನ ತಲೆಗೆ ಹೋಗಿರಲಿಲ್ಲ. ಸ್ಲೇಟರ್‌ನಲ್ಲಿ ಹಾಗಾಗುವುದಿಲ್ಲ.

ನೌಕೆಯ ಹಿಂಭಾಗದಲ್ಲಿ ಡೆಪ್ತ್ ಚಾರ್ಜ್‌ಗಳ ಎರಡು ಜಾರುಹಳಿಗಳಿವೆ. ಎಣ್ಣೆಯ ಪೀಪಾಯಿಯಂತೆ ಕಾಣುವ ಆ ಸಿಡಿಗುಂಡುಗಳ ಬದಿಯಲ್ಲಿ ಆಳವನ್ನು ಅಡಿಗಳಲ್ಲಿ ಗುರುತಿಸಿರುವ ಒಂದು ಮುಖಬಿಲ್ಲೆ ಇದೆ. ಜಲಾಂತರ್ಗಾಮಿ ಎಷ್ಟು ಆಳದಲ್ಲಿರಬಹುದೆಂದು ಅಂದಾಜಿಸಿ ನಾವಿಕನು ಅದನ್ನು ತಿರುಗಿಸಿಡುತ್ತಿದ್ದ. ಗುಂಡು ಅಷ್ಟು ಆಳಕ್ಕೆ ಇಳಿದಾಗ ನೀರಿನ ಒತ್ತಡವೇ ಅದನ್ನು ಸಿಡಿಸುತ್ತಿತ್ತು. ಮಾರ್ಗದರ್ಶಕರು ಆ ಬಿಲ್ಲೆಯ ಮೇಲೆ ಬೆರಳಿಟ್ಟು, ಇದರಲ್ಲಿದ್ದ ದೊಡ್ಡ ತೊಡಕನ್ನು ಬಿಡಿಸಿ ಹೇಳಿದರು. ಹಡಗು ಜಲಾಂತರ್ಗಾಮಿಯ ನೆತ್ತಿಯ ಸಮೀಪಕ್ಕೆ ಬಂದಂತೆ ಜಲಾಂತರ್ಗಾಮಿಯು ಸೋನಾರಿನ, ಅಂದರೆ ನೀರೊಳಗೆ ಧ್ವನಿ ಕಳಿಸಿ ಪ್ರತಿಧ್ವನಿಯಿಂದ ಗುರಿಯನ್ನು ಪತ್ತೆಹಚ್ಚುವ ಸಾಧನದ, ಧ್ವನಿಕಿರಣದ ಕೆಳಗೆ ಜಾರಿಹೋಗಿ ಪ್ರತಿಧ್ವನಿ ನಿಂತುಬಿಡುತ್ತದೆ. ಆದ್ದರಿಂದ ಗುಂಡನ್ನು ಉರುಳಿಸುವ ಗಳಿಗೆಯಲ್ಲಿ ಗುರಿ ಎಲ್ಲಿದೆಯೆಂಬುದು ಯಾರಿಗೂ ಖಚಿತವಾಗಿ ಗೊತ್ತಿರುವುದಿಲ್ಲ, ಮತ್ತು ಸ್ಫೋಟದಿಂದ ನೀರು ಕಲಕಿಹೋಗಿ ಮತ್ತಷ್ಟು ಹೊತ್ತು ಏನೂ ಕೇಳಿಸುವುದಿಲ್ಲ.

ಇದಕ್ಕೆ ಕಂಡುಕೊಂಡ ಪರಿಹಾರವನ್ನು ನೌಕೆಯ ಮುಂಭಾಗದಲ್ಲಿ ತೋರಿಸುತ್ತಾರೆ. ‘ಹೆಡ್ಜ್‌ಹಾಗ್’ ಎಂಬ ಆ ಸಲಕರಣೆಯಲ್ಲಿ ಮುಳ್ಳುಹಂದಿಯ ಮುಳ್ಳುಗಳಂತೆ ಓರೆಯಾಗಿ ನಿಂತ ಕಂಬಿಗಳ ಸಾಲುಗಳಿವೆ. ಅವುಗಳಿಂದ 24 ಸಿಡಿಗುಂಡುಗಳು ಹಡಗಿನ ಮುಂದಕ್ಕೆ ಸುಮಾರು 200 ಮೀಟರ್ ದೂರಕ್ಕೆ ಹಾರಿ, ಉಂಗುರದ ಆಕಾರದಲ್ಲಿ ನೀರಿಗೆ ಬೀಳುತ್ತಿದ್ದವು. ಇವು ಗಟ್ಟಿ ವಸ್ತುವಿಗೆ ತಗುಲಿದರೆ ಮಾತ್ರ ಸಿಡಿಯುತ್ತಿದ್ದುದರಿಂದ, ಗುರಿ ತಪ್ಪಿದರೂ ನೀರು ಕಲಕುತ್ತಿರಲಿಲ್ಲ ಮತ್ತು ಸೋನಾರಿನ ಮುಂದೆ ಕುಳಿತವನು ಆಲಿಸುತ್ತಲೇ ಇರಬಹುದಾಗಿತ್ತು. 1944ರ ಮೇ ತಿಂಗಳಿನಲ್ಲಿ ‘ಇಂಗ್ಲೆಂಡ್’ ಎಂಬ ಇನ್ನೊಂದು ಬೆಂಗಾವಲು ನೌಕೆ ಪೆಸಿಫಿಕ್‌ನಲ್ಲಿ ಹನ್ನೆರಡು ದಿನಗಳೊಳಗೆ ಜಪಾನಿನ ಆರು ಜಲಾಂತರ್ಗಾಮಿಗಳನ್ನು ಮುಳುಗಿಸಿದ್ದು ಇದೇ ಅಸ್ತ್ರದಿಂದ. ಹಿಂದೆ ಈ ಸಂಗತಿಯನ್ನು ಓದಿದ್ದೆನಾದರೂ, ಅದು ಹೇಗೆ ಸಾಧ್ಯವಾಯಿತೆಂಬುದು ಅರ್ಥವಾದದ್ದು ಆ ಕಂಬಿಗಳ ಮುಂದೆ ನಿಂತಾಗಲೇ.

ಸ್ಲೇಟರ್‌ನ ಹೆಸರಿನಲ್ಲಿ ಅಂತಹ ಬೇಟೆಯ ದಾಖಲೆ ಇಲ್ಲ. ಫ್ಲಾರಿಡಾದ ಟ್ಯಾಂಪಾದಲ್ಲಿ ನಿರ್ಮಾಣಗೊಂಡು 1944ರ ಮೇ 1ರಂದು ಸೇವೆಗೆ ಸೇರಿದ ಈ ನೌಕೆ, ಯೂರೋಪಿನ ಯುದ್ಧ ಮುಗಿಯುವವರೆಗೆ ಅಟ್ಲಾಂಟಿಕ್ ಸಾಗರದಲ್ಲಿ ಬ್ರಿಟನ್ನಿಗೆ ಹೋಗಿಬರುವ ಸರಕುಹಡಗುಗಳನ್ನು ಕಾಯುತ್ತ, ಆಮೇಲೆ ಪನಾಮಾ ಕಾಲುವೆ ದಾಟಿ ಪೆಸಿಫಿಕ್‌ಗೆ ಹೋಯಿತು. ಹಡಗುಗಳನ್ನು ದಡ ಸೇರಿಸುವುದೇ ಅದರ ಕೆಲಸವಾಗಿದ್ದುದರಿಂದ, ಬೇಟೆ ಇಲ್ಲವೆಂಬುದನ್ನು ಮಾರ್ಗದರ್ಶಕರು ಮುಚ್ಚಿಡದೆ, ಸಂಕೋಚಪಡದೆ ಹೇಳುತ್ತಾರೆ. ನೌಕೆಯ ಗರಿಷ್ಠ ವೇಗ 21 ನಾಟ್, ಅಂದರೆ ಗಂಟೆಗೆ ಸುಮಾರು 39 ಕಿ.ಮೀ. ಮಾತ್ರ. ದೊಡ್ಡ ಡೆಸ್ಟ್ರಾಯರ್‌ಗಳ ಮುಂದೆ ಇದು ಬಹಳ ಕಡಿಮೆ. ಆದರೆ ಸರಕುಹಡಗುಗಳ ಸಾಲು ಹತ್ತು ನಾಟ್‌ನ ಆಸುಪಾಸಿನಲ್ಲಿ ತೆವಳುತ್ತಿರುವಾಗ, ನೀರಿನ ಮೇಲೆ ಬಂದ ಜರ್ಮನ್ ಜಲಾಂತರ್ಗಾಮಿ ಹದಿನೇಳೋ ಹದಿನೆಂಟೋ ನಾಟ್‌ನಲ್ಲಿ ಓಡುವಾಗ, ಅಷ್ಟು ಸಾಕಾಗಿತ್ತು. ಉಗಿ ಟರ್ಬೈನು ಮತ್ತು ದೊಡ್ಡ ಗೇರುಗಳಿಗೆ ಆಗ ವಿಪರೀತ ಕೊರತೆ ಇದ್ದುದರಿಂದ, ಇದಕ್ಕೆ ನಾಲ್ಕು ಡೀಸೆಲ್ ಎಂಜಿನ್‌ಗಳನ್ನಿಟ್ಟು, ಅವುಗಳ ವಿದ್ಯುತ್ತಿನಿಂದ ಮೋಟಾರು ತಿರುಗಿಸುವ ಏರ್ಪಾಡು ಮಾಡಿದರು.

ಕೆಳಗಿನ ಮಲಗುವ ಕೋಣೆಯಲ್ಲಿ ನಾನು ಹೆಚ್ಚು ಹೊತ್ತು ನಿಂತೆ. ಕಬ್ಬಿಣದ ಚೌಕಟ್ಟಿಗೆ ಹಗ್ಗದಿಂದ ಬಿಗಿದ ಕ್ಯಾನ್ವಾಸ್ ಬಟ್ಟೆಯೇ ಹಾಸಿಗೆ. ಒಂದರ ಮೇಲೊಂದರಂತೆ ಹಾಸಿಗೆಗಳು, ಮಗ್ಗುಲು ಬದಲಿಸಿದರೆ ಮೇಲಿನವನ ಬೆನ್ನಿಗೆ ಭುಜ ತಾಗುವಷ್ಟು ಅಂತರ. 306 ಅಡಿ ಉದ್ದದ ಈ ನೌಕೆಯಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಬಾಳುತ್ತಿದ್ದರು. ಹಗ್ಗದ ಗಂಟುಗಳನ್ನು ಮುಟ್ಟಿ ನೋಡಿದೆ. ಪ್ರತಿಯೊಂದನ್ನೂ ಸ್ವಯಂಸೇವಕರು 1945ರಲ್ಲಿದ್ದ ಹಾಗೆಯೇ ಮತ್ತೆ ಬಿಗಿದಿದ್ದಾರೆ. ಆ ವರ್ಷವನ್ನೇ ಆರಿಸಿಕೊಂಡದ್ದಕ್ಕೆ ಕಾರಣವೂ ಇದೆ: ಜಪಾನಿನ ಆತ್ಮಾಹುತಿ ವಿಮಾನಗಳನ್ನು ಎದುರಿಸಲು ಟಾರ್ಪಿಡೊ ಕೊಳವೆಗಳನ್ನು ತೆಗೆದು, 40 ಮಿ.ಮೀ. ವಿಮಾನನಿರೋಧಕ ಫಿರಂಗಿಗಳನ್ನು ಹೆಚ್ಚಿಸಿದ ರೂಪ ಅದು. ಹೊರಮೈಗೆ ಬಳಿದಿರುವ ಬೂದು, ನೀಲಿ, ಕಪ್ಪು ಪಟ್ಟೆಗಳು ಕೂಡ ಶತ್ರುವಿನ ಕಣ್ಣನ್ನು ಗೊಂದಲಗೊಳಿಸಲೆಂದು ಆಗ ಹಾಕಿದ್ದ ವಿನ್ಯಾಸವನ್ನೇ ಅನುಸರಿಸಿವೆ.

ಹೆಸರಿನ ಕತೆಯನ್ನು ಕೇಳದೆ ಬರಬಾರದು. ಫ್ರಾಂಕ್ ಸ್ಲೇಟರ್ ಅಲಬಾಮಾದ ಒಬ್ಬ ಸಾಮಾನ್ಯ ನಾವಿಕ. 1942ರ ನವೆಂಬರ್ 12ರಂದು ಪೆಸಿಫಿಕ್‌ನ ಗ್ವಾಡಲ್‌ಕೆನಾಲ್ ದ್ವೀಪದ ಬಳಿ ‘ಸ್ಯಾನ್ ಫ್ರಾನ್ಸಿಸ್ಕೊ’ ನೌಕೆಯ ಮೇಲೆ ಎರಗಿ ಬರುತ್ತಿದ್ದ ವಿಮಾನಕ್ಕೆ ಕೊನೆಯ ಗಳಿಗೆಯವರೆಗೂ ಗುಂಡು ಹಾರಿಸುತ್ತ, ತನ್ನ ಬಂದೂಕನ್ನು ಬಿಡದೆ ಪ್ರಾಣ ಕೊಟ್ಟವನು. ಸೇನಾಧಿಪತಿಗಳ ಹೆಸರಿಗೆ ಬದಲಾಗಿ ಇಂತಹವರ ಹೆಸರುಗಳನ್ನು ಈ ಬಗೆಯ ನೌಕೆಗಳಿಗೆ ಇಟ್ಟದ್ದು ನನಗೆ ಮನಮುಟ್ಟಿತು.

ಯುದ್ಧಾನಂತರದ ಆಯುಸ್ಸೇ ಈ ನೌಕೆಗೆ ದೊಡ್ಡದು. 1951ರಲ್ಲಿ ಗ್ರೀಸ್ ನೌಕಾಪಡೆ ಸೇರಿ, ‘ಏಟೋಸ್’, ಅಂದರೆ ಹದ್ದು ಎಂಬ ಹೆಸರಿನಲ್ಲಿ 1991ರವರೆಗೆ ದುಡಿಯಿತು. ಅಷ್ಟು ಕಾಲ ಬಳಕೆಯಲ್ಲಿ ಉಳಿದದ್ದರಿಂದಲೇ ಗುಜರಿಗೆ ಹೋಗದೆ ಬದುಕಿತು. ಹಿಂದೆ ಇಂತಹ ನೌಕೆಗಳಲ್ಲಿ ದುಡಿದಿದ್ದ ಅಮೆರಿಕದ ನಾವಿಕರು ಹಣ ಕೂಡಿಸಿ 1993ರಲ್ಲಿ ಗ್ರೀಸಿನ ಕ್ರೀಟ್ ದ್ವೀಪದಿಂದ ಎಳೆಸಿ ತರಿಸಿದರು. 1997ರಲ್ಲಿ ಅದು ಆಲ್ಬನಿಗೆ ಬಂತು. ಒಂದು ಗಂಟೆಯ ವಿವರಣೆಯಲ್ಲಿ ಯುದ್ಧಕಾಲಕ್ಕೇ ಹೆಚ್ಚು ಸಮಯ ಸಲ್ಲುವುದು ಸಹಜ. ಗ್ರೀಸಿನ ಆ ನಾಲ್ಕು ದಶಕಗಳ ಬಗ್ಗೆ ಕುತೂಹಲವಿದ್ದವರು ಕೊನೆಯಲ್ಲಿ ನಿಂತು ಕೇಳಬೇಕು.

ಹೋಗುವವರಿಗೆ ಒಂದೆರಡು ಮಾತು. ಒಳಗಿನ ಏಣಿಗಳು ಕಡಿದಾಗಿವೆ, ಬಾಗಿಲುಗಳ ಹೊಸ್ತಿಲು ಮೊಣಕಾಲಿನ ಹತ್ತಿರಕ್ಕೆ ಬರುತ್ತದೆ; ಸೀರೆ, ಪಂಚೆ, ಚಪ್ಪಲಿ ಬೇಡ, ಹಿಡಿತವಿರುವ ಬೂಟು ಇರಲಿ. ಮಂಡಿನೋವಿರುವ ತಂದೆಯವರು ಮೇಲಿನ ಅಟ್ಟಕ್ಕೆ ಏರಲಿಲ್ಲ, ಆದರೂ ಹೆಡ್ಜ್‌ಹಾಗ್ ಹಾಗೂ ಡೆಪ್ತ್ ಚಾರ್ಜ್‌ಗಳನ್ನು ಕಣ್ತುಂಬ ನೋಡಿದರು. ಸಂಗ್ರಹಾಲಯ ತೆರೆದಿರುವುದು ಏಪ್ರಿಲ್‌ನಿಂದ ನವೆಂಬರ್‌ವರೆಗೆ ಮಾತ್ರ. ಚಳಿಗಾಲದಲ್ಲಿ ನೌಕೆಯನ್ನು ಎದುರು ದಡದ ರೆನ್ಸಲರ್‌ಗೆ ಎಳೆದೊಯ್ದು ಕಟ್ಟುತ್ತಾರೆ.