ರೈಫಲ್ ಗುರಿ ತಪ್ಪುತ್ತಿದೆಯಾ? ಸ್ಟಾಕಿಗೆ ಕೈ ಹಾಕುವ ಮುಂಚೆ ಇದನ್ನು ಓದಿ

ಆ ಹಂದಿ ನನಗೆ ಸಿಕ್ಕಿದ್ದು ಮರುದಿನ ಬೆಳಿಗ್ಗೆ. ಹಿಂದಿನ ಸಂಜೆ 150 ಮೀಟರ್ ದೂರದಿಂದ ಹೊಡೆದ ಈಡು ಭುಜದ ಹಿಂದೆ ಬೀಳಬೇಕಿತ್ತು. ಬಿದ್ದದ್ದು ಅಲ್ಲಿಂದ ಸುಮಾರು ಒಂದು ಗೇಣು ಹಿಂದಕ್ಕೆ, ಹೊಟ್ಟೆಗೆ. ಕತ್ತಲಾಗುವ ತನಕ ರಕ್ತದ ಜಾಡು ಹಿಡಿದು ನಡೆದೆ. ಆಮೇಲೆ ಜಾಡು ಕಳೆದುಹೋಯಿತು. ಒಂದು ಪ್ರಾಣಿ ಇಡೀ ರಾತ್ರಿ ನರಳಿ ಸತ್ತಿತು, ಅದಕ್ಕೆ ಕಾರಣ ನನ್ನ ಕೈಯಲ್ಲಿದ್ದ ರೈಫಲ್. ಈ ನೋವು ಇವತ್ತಿಗೂ ಹೋಗಿಲ್ಲ. ಅದಕ್ಕೇ ಇದನ್ನೆಲ್ಲ ಬರೆಯುತ್ತಿದ್ದೇನೆ.

ಹಿಂದಿನ ವಾರವಷ್ಟೇ ಗುರಿ ಅಭ್ಯಾಸದ ರೇಂಜಿನಲ್ಲಿ ಗುರಿ ನೋಡಿದ್ದೆ. 100 ಮೀಟರಿನಲ್ಲಿ ಮೂರು ಗುಂಡು 35 ಮಿಲಿಮೀಟರ್ ಒಳಗೆ ಕೂತಿದ್ದವು. ಬೇಟೆಗೆ ಇದಕ್ಕಿಂತ ಜಾಸ್ತಿ ಏನು ಬೇಕು ಅಂದುಕೊಂಡಿದ್ದೆ. ಆದರೆ ರೇಂಜಿನಲ್ಲಿ ರೈಫಲ್ ಕೂತಿದ್ದು ಮರಳು ಚೀಲದ ಮೇಲೆ. ಚೀಲ ಇದ್ದದ್ದು ತೋಟಾ ತುಂಬುವ ಮ್ಯಾಗಜಿನ್ ಹತ್ತಿರ, ಸ್ಟಾಕ್ (ಉಕ್ಕಿನ ಭಾಗಗಳನ್ನು ಹೊತ್ತಿರುವ ಮರದ ಅಥವಾ ಪ್ಲಾಸ್ಟಿಕ್ಕಿನ ಭಾಗ) ಗಟ್ಟಿಯಾಗಿರುವ ಜಾಗದಲ್ಲಿ. ಕಾಡಿನಲ್ಲಿ ನಾನು ಸ್ಟಾಕಿನ ಮುಂದಿನ ತುದಿಯನ್ನು ಒಂದು ಮರದ ಕಾಂಡಕ್ಕೆ ಒತ್ತಿ ಹಿಡಿದಿದ್ದೆ. ಈ ವ್ಯತ್ಯಾಸ ಅರ್ಥವಾಗಲು ನನಗೆ ಏಳು ತಿಂಗಳು ಬೇಕಾಯಿತು.

ರೈಫಲ್ ಹೊಸತೇ, ಬೋಲ್ಟ್ ಆಕ್ಷನ್ (ಪ್ರತಿ ಈಡಿಗೂ ಬೋಲ್ಟ್ ಎಂಬ ಉಕ್ಕಿನ ಅಗುಳಿಯನ್ನು ಕೈಯಲ್ಲೇ ಎಳೆದು ಮುಚ್ಚುವಂಥದ್ದು), .308 ಅಳತೆಯ ತೋಟಾದ್ದು, ತೆಳು ಬ್ಯಾರೆಲ್, ಅಂದರೆ ನಳಿಗೆ. ಸ್ಟಾಕ್ ಅಚ್ಚಿನಲ್ಲಿ ಹೊಯ್ದ ಪ್ಲಾಸ್ಟಿಕ್, ಮುಂಭಾಗ ಒಳಗೆ ಟೊಳ್ಳು. ಇಂಥವು ಹಗುರ, ಮಳೆಗೆ ಉಬ್ಬುವುದಿಲ್ಲ. ಹಾಗಾಗಿ ಪ್ಲಾಸ್ಟಿಕ್ ಎಂದರೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮುಂಭಾಗ ಬಾಗುವಂಥದ್ದಾಗಿದ್ದರೆ ಮಾತ್ರ ತೊಂದರೆ.

ಮೊದಲು ಸಂಶಯ ಬಂದದ್ದು ದುರ್ಬೀನಿನ ಮೇಲೆ. ಅದನ್ನು ಬದಲಾಯಿಸಿದೆ. ಆಮೇಲೆ ತೋಟಾ, ನಾಲ್ಕು ಬಗೆಯದನ್ನು ತಂದು ಹೊಡೆದೆ. ಚೀಲದ ಮೇಲೆ ನಾಲ್ಕೂ ಚೆನ್ನಾಗಿಯೇ ಕೂತವು. ಆಮೇಲೆ ಒಬ್ಬ ರಿಪೇರಿಯವರ ಹತ್ತಿರ ಒಯ್ದೆ. ಅವರು ಬ್ಯಾರೆಲ್ ಸವೆದಿದೆ, ಬದಲಾಯಿಸಬೇಕು ಎಂದರು. ನಾನು ಅದರಲ್ಲಿ ಅಷ್ಟೂ ದಿನಕ್ಕೆ 400 ಗುಂಡು ಕೂಡ ಹೊಡೆದಿರಲಿಲ್ಲ. .308 ಬ್ಯಾರೆಲ್ ಕೆಲವು ಸಾವಿರ ಗುಂಡು ಆರಾಮವಾಗಿ ಬಾಳುತ್ತದೆ. ಅಷ್ಟು ಗೊತ್ತಿದ್ದರಿಂದ ಆ ದುಡ್ಡು ಉಳಿಯಿತು. ಯಾರಾದರೂ ಬ್ಯಾರೆಲ್ ಹೋಗಿದೆ ಎಂದರೆ ಎಲ್ಲಿ ಸವೆದಿದೆ, ಹೇಗೆ ಗೊತ್ತಾಯಿತು ಅಂತ ತೋರಿಸಲು ಕೇಳಿ. ಬ್ಯಾರೆಲ್ ಒಳಗೆ ಇಣುಕುವ ಬೋರ್‌ಸ್ಕೋಪ್ ಹಾಕಿ ನೋಡಿದವರು ತೋರಿಸಬಲ್ಲರು.

ಸ್ಟಾಕ್ ಬಾಗಿ ಬ್ಯಾರೆಲ್ಲನ್ನು ಒತ್ತಿದರೆ ಗುಂಡು ಬೇರೆ ಕಡೆ ಬೀಳುತ್ತದೆ. ಬ್ಯಾರೆಲ್ ಹೀಗೆ ಸ್ಟಾಕಿಗೆ ತಾಗುತ್ತಿದೆಯಾ ಅಂತ ನೋಡಲು ಎಲ್ಲರೂ ಹೇಳುವ ಕಾಗದದ ಪರೀಕ್ಷೆ ನಿಮಗೂ ಗೊತ್ತಿರಬಹುದು. ಕಾಗದದ ಪಟ್ಟಿಯನ್ನು ಬ್ಯಾರೆಲ್ ಮತ್ತು ಸ್ಟಾಕಿನ ನಡುವೆ ತೂರಿಸಿ ತುದಿಯಿಂದ ಆಕ್ಷನ್ (ಬೋಲ್ಟ್ ಕೂರುವ ಉಕ್ಕಿನ ಭಾಗ) ತನಕ ಎಳೆಯುವುದು. ಸರಾಗವಾಗಿ ಓಡಿದರೆ ಬ್ಯಾರೆಲ್ ಬಿಡುಗಡೆಯಾಗಿದೆ ಎಂದು ಲೆಕ್ಕ. ನನ್ನ ರೈಫಲ್ಲಿನಲ್ಲಿ ಕಾಗದ ಬೆಣ್ಣೆಯ ಮೇಲೆ ಓಡಿದ ಹಾಗೆ ಓಡಿತು. ನಾನು ಮೋಸಹೋದದ್ದು ಅಲ್ಲೇ. ಆ ಪರೀಕ್ಷೆ ಮಾಡುವಾಗ ರೈಫಲ್ ಮೇಜಿನ ಮೇಲೆ ಸುಮ್ನೆ ಮಲಗಿತ್ತು. ಹೊಡೆಯುವಾಗ ಅದು ಸುಮ್ನೆ ಮಲಗಿರುವುದಿಲ್ಲ ಅಲ್ವಾ?

ತಿಂಗಳುಗಳ ನಂತರ ಒಂದು ದಿನ ಕಾಗದ ಒಳಗೇ ಇಟ್ಟು, ಎರಡು ಕಾಲಿನ ಆಸರೆಯಾದ ಬೈಪಾಡ್ ಹಾಕಿ, ಗುಂಡು ಹೊಡೆಯುವಾಗ ಒತ್ತುವಷ್ಟೇ ಭುಜದಿಂದ ಮುಂದಕ್ಕೆ ಒತ್ತಿದೆ. ಪಕ್ಕದಲ್ಲಿದ್ದ ಗೆಳೆಯ ಕಾಗದ ಎಳೆದ. ಅಲುಗಲಿಲ್ಲ. ಬೈಪಾಡ್ ತೆಗೆದು, ಬ್ಯಾರೆಲ್ ಮತ್ತು ಸ್ಟಾಕಿನ ತುದಿಯನ್ನು ಒಂದೇ ಕೈಯಲ್ಲಿ ಹಿಡಿದು ಅಮುಕಿದೆ. ಎರಡೂ ಕಣ್ಣೆದುರೇ ಒಂದಕ್ಕೊಂದು ಅಂಟಿಕೊಂಡವು. ತೂಗುಪಟ್ಟಿಯನ್ನು ತೋಳಿಗೆ ಸುತ್ತಿ ಬಿಗಿ ಹಿಡಿದರೂ ಅದೇ ಕಥೆ. ಆಮೇಲೆ ರೇಂಜಿಗೆ ಹೋಗಿ ಎರಡೂ ರೀತಿ ಹೊಡೆದು ನೋಡಿದೆ. ಸ್ಟಾಕಿನ ತುದಿಯ ಎಡಬದಿಯನ್ನು ಕಂಬಕ್ಕೆ ಒತ್ತಿ ಹಿಡಿದಾಗ ಗುಂಡುಗಳು 100 ಮೀಟರಿನಲ್ಲಿ 12 ಸೆಂಟಿಮೀಟರ್ ಬಲಕ್ಕೆ ಬಿದ್ದವು. ಹಂದಿ ಎಡಕ್ಕೆ ಮುಖ ಮಾಡಿ ನಿಂತಿತ್ತು. 150 ಮೀಟರಿಗೆ 12 ಸೆಂಟಿಮೀಟರ್ 18 ಆಗುತ್ತದೆ. ಲೆಕ್ಕ ಅಲ್ಲಿಗೆ ಮುಗಿಯಿತು.

ನೀವು ಕಾಗದ ಎಳೆಯುವುದಾದರೆ ಹೀಗೆ ಭಾರ ಹಾಕಿ ಎಳೆಯಿರಿ. ಅದಕ್ಕೂ ಮುಂಚೆ ದುರ್ಬೀನಿನ ಕೆಳಗಿನ ಸ್ಕ್ರೂ, ದುರ್ಬೀನನ್ನು ಹಿಡಿಯುವ ಬಳೆಗಳ ಸ್ಕ್ರೂ, ಸ್ಟಾಕನ್ನು ಹಿಡಿದಿರುವ ಸ್ಕ್ರೂ ಎಲ್ಲ ಬಿಗಿ ಇವೆಯಾ ನೋಡಿ. ಗುರಿ ತಪ್ಪುವ ರೈಫಲ್‌ಗಳಲ್ಲಿ ಎಷ್ಟೋ ಸಲ ಇಷ್ಟರಲ್ಲೇ ಮುಗಿದಿರುತ್ತದೆ. ಬ್ಯಾರೆಲ್ಲಿನ ಬಾಯಂಚಿಗೆ ಪೆಟ್ಟು ಬಿದ್ದಿದೆಯಾ ನೋಡಿ, ಒಳಗಿನ ತಾಮ್ರದ ಕಸ ತೆಗೆಯಿರಿ. ಅಷ್ಟಾದ ಮೇಲೆ ಐದು ಗುಂಡಿನ ಗುಂಪು ಹೊಡೆಯಿರಿ, ಒಂದಲ್ಲ, ಮೂರು ನಾಲ್ಕು. ಮೂರೇ ಗುಂಡಿನ ಒಂದೇ ಗುಂಪು ಅದೃಷ್ಟದಿಂದಲೂ ಚಿಕ್ಕದಾಗುತ್ತದೆ.

ಕಾರಣ ಗೊತ್ತಾದ ಮೇಲೆ ನಾನು ಮಾಡಿದ್ದು ಇನ್ನೂ ಕೆಟ್ಟದ್ದು. ತಾಗುತ್ತದೆ ಅಂದರೆ ಉಜ್ಜಿ ತೆಗೆದರಾಯಿತು ಎಂದು ಉಪ್ಪು ಕಾಗದ ಹಿಡಿದು ಕೂತೆ. ಟೊಳ್ಳು ಪ್ಲಾಸ್ಟಿಕ್ಕಿನ ಗೋಡೆ ಉಜ್ಜಿದಷ್ಟೂ ತೆಳುವಾಯಿತು, ತೆಳುವಾದಷ್ಟೂ ಜಾಸ್ತಿ ಬಾಗಿತು. ಗಟ್ಟಿ ಮಾಡೋಣ ಅಂತ ಟೊಳ್ಳಿಗೆ ಎಪಾಕ್ಸಿ ಅಂಟು ತುಂಬಿದೆ. ಎರಡು ದಿನ ಬಿಟ್ಟು ಬಗ್ಗಿಸಿ ನೋಡಿದರೆ ಅದು ಅಚ್ಚಿನಿಂದ ಬಿದ್ದ ಬೆಲ್ಲದ ಹಾಗೆ ಇಡಿಯಾಗಿ ಎದ್ದು ಬಂತು. ಪಾಲಿಪ್ರೊಪಿಲೀನ್ ಥರದ ಪ್ಲಾಸ್ಟಿಕ್ಕಿಗೆ ಎಪಾಕ್ಸಿ ಹಿಡಿಯುವುದೇ ಇಲ್ಲ. ಇಂಥ ಸ್ಟಾಕನ್ನು ಸರಿ ಮಾಡಲು ಹೋಗಬೇಡಿ. ಬದಲಾಯಿಸಿ.

ಇನ್ನೊಂದು ಮಾತು. ತಾಗುವುದೆಲ್ಲ ತಪ್ಪಲ್ಲ. 1962ರಲ್ಲಿ ಬಂದ ರೆಮಿಂಗ್ಟನ್ 700ರ ಎಷ್ಟೋ ಸ್ಟಾಕ್‌ಗಳಲ್ಲಿ ತುದಿಯ ಹತ್ತಿರ ಒಂದು ಉಬ್ಬು ಇರುತ್ತದೆ. ಅದು ಬ್ಯಾರೆಲ್ಲನ್ನು ಒತ್ತಲಿ ಎಂದು ಕಾರ್ಖಾನೆಯಲ್ಲೇ ಬಿಟ್ಟದ್ದು. ಕೆಲವು ತೆಳು ಬ್ಯಾರೆಲ್‌ಗಳು ಆ ಒತ್ತಡದಲ್ಲೇ ಚೆನ್ನಾಗಿ ಹೊಡೆಯುತ್ತವೆ. ಒಮ್ಮೆ ಉಜ್ಜಿದರೆ ಸುಲಭಕ್ಕೆ ವಾಪಸ್ ಬರುವುದಿಲ್ಲ. ಉಜ್ಜುವ ಮುಂಚೆ ಆಕ್ಷನ್ ಕೆಳಗೆ ತೆಳು ತಗಡಿನ ಚೂರು ಇಟ್ಟು ಬ್ಯಾರೆಲ್ಲನ್ನು ಸ್ವಲ್ಪ ಎತ್ತಿ, ಹಾಗೇ ಹೊಡೆದು ನೋಡಿ. ಗುಂಪು ಚಿಕ್ಕದಾದರೆ ಮಾತ್ರ ಮುಂದುವರಿಯಿರಿ. ಮರದ ಸ್ಟಾಕ್ ಆದರೆ ಹವೆಯ ತೇವಕ್ಕೆ ಉಬ್ಬಿ ಒಣಗಿ ಒತ್ತಡ ಬದಲಾಗುತ್ತಲೇ ಇರುತ್ತದೆ, ಬೇಸಿಗೆಯಲ್ಲಿ ಹಿಡಿದ ಗುರಿ ಮಳೆಗಾಲಕ್ಕೆ ಇರುವುದಿಲ್ಲ.

ಕೊನೆಗೆ ಯಾರೋ ಬಳಸಿದ, ಮರದ ಪದರಗಳನ್ನು ಅಂಟಿಸಿ ಮಾಡಿದ ಒಂದು ಸ್ಟಾಕ್ ಕೊಂಡೆ. ನಿಮ್ಮ ರೈಫಲ್ಲಿಗೆ ನೇರವಾಗಿ ಕೂರುತ್ತದೆ ಎಂದು ಮಾರುವವರು ಹೇಳಿದರು. ಮುಂಭಾಗ ಕಬ್ಬಿಣದ ಹಾಗೆ ಗಟ್ಟಿ. ಆದರೆ ಆಕ್ಷನ್ ಅದರಲ್ಲಿ ಸರಿಯಾಗಿ ಕೂರಲಿಲ್ಲ. ಇದನ್ನು ನೋಡುವುದು ಸುಲಭ. ಆಕ್ಷನ್ನನ್ನು ಸ್ಟಾಕಿಗೆ ಹಿಡಿದಿರುವ ಎರಡೂ ಸ್ಕ್ರೂ ಬಿಗಿ ಮಾಡಿ, ಬ್ಯಾರೆಲ್ ಮತ್ತು ಸ್ಟಾಕಿನ ತುದಿ ಸೇರುವಲ್ಲಿ ಬೆರಳಿಟ್ಟು ಒಂದು ಸ್ಕ್ರೂ ಮೆಲ್ಲಗೆ ಸಡಿಲಿಸಿ. ಬ್ಯಾರೆಲ್ ಏಳುವುದು ಬೆರಳಿಗೆ ಗೊತ್ತಾದರೆ ಆಕ್ಷನ್ ಬಿಲ್ಲಿನ ಹಾಗೆ ಬಾಗಿ ಕೂತಿದೆ ಎಂದರ್ಥ. ನನ್ನದು ಚೆನ್ನಾಗಿಯೇ ಎದ್ದಿತು.

ಹಾಗಾದರೆ ಬೆಡ್ಡಿಂಗ್ ಮಾಡಬೇಕು. ಎಪಾಕ್ಸಿ ಹಚ್ಚಿ ಅದರ ಮೇಲೆ ಆಕ್ಷನ್ ಕೂರಿಸಿ, ಗಟ್ಟಿಯಾದ ಮೇಲೆ ಬಿಡಿಸಿದರೆ ಸ್ಟಾಕ್ ಆಕ್ಷನ್ನಿನ ತದ್ರೂಪು ಅಚ್ಚಾಗುತ್ತದೆ. ಬಿಡಿಸಲು ಬರಬೇಕಾದರೆ ಉಕ್ಕಿಗೆ ಮೊದಲು ಮೇಣ ಹಚ್ಚಿರಬೇಕು. ಹಚ್ಚಿದ್ದೆ. ಟ್ರಿಗರ್ ಕೂರಿಸುವ ಪಿನ್ನಿನ ತೂತುಗಳನ್ನು ಮಾತ್ರ ಕ್ಲೇ ತುಂಬಿ ಮುಚ್ಚಲು ಮರೆತಿದ್ದೆ. ಅಂಟು ಅಲ್ಲಿಗೆ ಹರಿದು, ಒಳಗೆ ಗಟ್ಟಿಯಾಗಿ, ಮೊಳೆ ಹೊಡೆದ ಹಾಗೆ ಕೂತುಬಿಟ್ಟಿತು. ಮೇಣ ಎಷ್ಟಿದ್ದರೂ ಇಂಥ ಕೊಂಡಿಗೆ ಉಪಯೋಗವಿಲ್ಲ. ಒದೆತ ತಡೆಯುವ ಉಕ್ಕಿನ ಹಲ್ಲಿನ ಹಿಂಬದಿ ಮಾತ್ರ ಎಪಾಕ್ಸಿಗೆ ತಾಗಬೇಕು. ಮುಂದೆ, ಪಕ್ಕ, ಕೆಳಗೆ ಟೇಪು ಸುತ್ತಿ ಜಾಗ ಬಿಡಬೇಕು. ಅದನ್ನೂ ಮಾಡಿರಲಿಲ್ಲ. ಜತೆಗೆ, ಅಂಟು ಹಸಿ ಇರುವಾಗಲೇ ಸ್ಕ್ರೂಗಳನ್ನು ಪೂರಾ ಬಿಗಿ ಮಾಡಿದ್ದೆ. ಅಂದರೆ ಆಕ್ಷನ್ ಯಾವ ಬಾಗಿನಲ್ಲಿತ್ತೋ ಅದೇ ಬಾಗಿಗೆ ಅಚ್ಚು ತೆಗೆದಿದ್ದೆ.

ರೈಫಲ್ಲನ್ನು ಇಡೀ ರಾತ್ರಿ ಫ್ರೀಜರಿನಲ್ಲಿಟ್ಟೆ. ತಣ್ಣಗಾದರೆ ಉಕ್ಕು ಕುಗ್ಗುತ್ತದೆ, ಅಂಟು ಬಿಡುತ್ತದೆ. ಬೆಳಿಗ್ಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿ ತಟ್ಟಿ ಬಿಡಿಸಿದಾಗ ಹಿಂದಿನ ಸ್ಕ್ರೂ ಹತ್ತಿರದ ಮರ ಸೀಳಿಕೊಂಡೇ ಬಂತು.

ಆದರೂ ಸೀಳನ್ನು ಅಂಟಿಸಿ ಜೋಡಿಸಿದೆ. ನಾನು ಈ ಬರಹದಲ್ಲಿ ಮುಖ್ಯವಾಗಿ ಹೇಳಬೇಕಾದ್ದು ಈಗ ಬರುತ್ತದೆ. ದಯವಿಟ್ಟು ಇದನ್ನು ಹಾರಿಸಿ ಓದಬೇಡಿ.

ಬೋಲ್ಟ್ ಪೂರಾ ಕೆಳಗೆ ಬರಲಿಲ್ಲ. ಸ್ವಲ್ಪ ಬಲ ಹಾಕಿದೆ, ಬಂತು. ತೆಗೆದು ನೋಡಿದರೆ ಬೋಲ್ಟಿನ ಬೀಗದ ಹಲ್ಲಿನ ಮೇಲೆ ಹೊಳೆಯುವ ಹೊಸ ಗೀರು. ಹೊಸ ಸ್ಟಾಕಿನ ತಳ ಹಳೆಯದಕ್ಕಿಂತ ತೆಳುವಾಗಿತ್ತು, ಹಾಗಾಗಿ ಹಳೆಯ ಮುಂದಿನ ಸ್ಕ್ರೂ ಉದ್ದವಾಗಿ ಒಳಗೆ ತೂರಿ ಬೋಲ್ಟಿಗೆ ತಾಗುತ್ತಿತ್ತು. ಸ್ಟಾಕ್ ಬದಲಾಯಿಸಿದವರೆಲ್ಲ ಸ್ಕ್ರೂ ಉದ್ದ ನೋಡಲೇಬೇಕು. ಬೋಲ್ಟ್ ಎಲ್ಲಾದರೂ ತಡೆದರೆ ಬಲ ಹಾಕಬೇಡಿ, ಬಿಚ್ಚಿ ನೋಡಿ.

ಇದಕ್ಕಿಂತ ಭಯಂಕರವಾದದ್ದು ಇನ್ನೊಂದು. ನಾನು ರೇಂಜಿಗೆ ಹೊರಡುವುದರಲ್ಲಿದ್ದೆ. ಒಬ್ಬ ಹಿರಿಯರು, ನಲವತ್ತು ವರ್ಷ ರೈಫಲ್ ಹಿಡಿದವರು, ತಡೆದರು. ಮೊದಲು ಖಾಲಿ ರೈಫಲ್ಲಿನಲ್ಲಿ ಸೇಫ್ಟಿ (ಗುಂಡು ಹಾರದಂತೆ ತಡೆಯುವ ಗುಂಡಿ) ನೋಡಪ್ಪ ಎಂದರು. ತೋಟಾ ಕೂರುವ ಚೇಂಬರ್ ಮತ್ತು ಮ್ಯಾಗಜಿನ್ ಖಾಲಿ ಇದೆ ಎಂದು ಕಣ್ಣಿನಲ್ಲೂ ಬೆರಳಿನಲ್ಲೂ ನೋಡಿಕೊಂಡೆವು. ತೋಟಾಗಳನ್ನು ಬೇರೆ ಕೋಣೆಗೆ ಕಳಿಸಿದರು. ಬೋಲ್ಟ್ ಹಾಕಿ, ಸೇಫ್ಟಿ ಹಾಕಿ, ಟ್ರಿಗರ್ ಎಳೆದು ಬಿಡಲು ಹೇಳಿದರು. ಏನೂ ಆಗಲಿಲ್ಲ. ಈಗ ಟ್ರಿಗರ್ ಮುಟ್ಟದೆ ಸೇಫ್ಟಿ ಮಾತ್ರ ತೆಗೆ ಎಂದರು.

ಸೇಫ್ಟಿ ತೆಗೆದ ಕ್ಷಣ, ತೋಟಾಕ್ಕೆ ಬಡಿಯುವ ಫೈರಿಂಗ್ ಪಿನ್ ಟಕ್ ಎಂದು ಬಿತ್ತು.

ಟ್ರಿಗರ್ ಮರಕ್ಕೆ ಉಜ್ಜುತ್ತಿತ್ತು. ಎಳೆದ ಮೇಲೆ ತಾನಾಗಿ ವಾಪಸ್ ಬರುತ್ತಿರಲಿಲ್ಲ. ಒಳಗೆ ತೋಟಾ ಇದ್ದಿದ್ದರೆ ಬೆರಳು ಟ್ರಿಗರ್ ಮೇಲೆ ಇಲ್ಲದೆಯೇ ಗುಂಡು ಹಾರುತ್ತಿತ್ತು. ಬೇಟೆಯಲ್ಲಿ ಸೇಫ್ಟಿ ತೆಗೆಯುವಾಗ ನಳಿಗೆ ಎತ್ತ ಇರುತ್ತದೆ, ಪಕ್ಕದಲ್ಲಿ ಯಾರಿರುತ್ತಾರೆ, ಯೋಚಿಸಿ ನೋಡಿ. ನನ್ನ ಕೈ ಆ ದಿನ ತುಂಬಾ ಹೊತ್ತು ನಡುಗುತ್ತಿತ್ತು. ಆ ಹಿರಿಯರ ಋಣ ನಾನು ತೀರಿಸಲಾರೆ.

ಸ್ಟಾಕ್ ಬಿಚ್ಚಿ ಹಾಕಿದಾಗಲೆಲ್ಲ, ಅದು ಬರೀ ಒರೆಸಲು ಬಿಚ್ಚಿದ್ದಾದರೂ, ಈ ಪರೀಕ್ಷೆ ಮಾಡಿ. ಮಾಡುವಾಗಲೂ ನಳಿಗೆ ಗುಂಡು ತಡೆಯುವ ಕಡೆಗೇ ಇರಲಿ. ಬೋಲ್ಟನ್ನು ಜೋರಾಗಿ ಮುಚ್ಚಿದಾಗ ಪಿನ್ ತಾನಾಗಿ ಬೀಳುತ್ತದಾ ಅದನ್ನೂ ನೋಡಿ. ಒಮ್ಮೆ ಬಿದ್ದರೂ ಆ ರೈಫಲ್ಲಿಗೆ ತೋಟಾ ತುಂಬಬೇಡಿ. ಟ್ರಿಗರ್ ಪೆಟ್ಟಿಗೆಯ ಒಳಗಿನ ಸ್ಕ್ರೂಗಳಿಗೆ ನೀವಾಗಿ ಕೈ ಹಾಕಬೇಡಿ, ಬಲ್ಲವರ ಹತ್ತಿರ ಒಯ್ಯಿರಿ.

ಆ ಹಿರಿಯರೇ ಇನ್ನೊಬ್ಬ ರಿಪೇರಿಯವರನ್ನು ತೋರಿಸಿದರು. ಅವರು ರೈಫಲ್ ಮುಟ್ಟುವ ಮುಂಚೆ ನನ್ನ ಗುರಿ ಹಾಳೆಗಳನ್ನು ಕೇಳಿದರು. ಪ್ರತಿಯೊಂದನ್ನೂ ಯಾವ ಆಸರೆಯ ಮೇಲಿಂದ ಹೊಡೆದದ್ದು ಅಂತ ವಿಚಾರಿಸಿದರು. ಆಗಲೇ ನನಗೆ ಧೈರ್ಯ ಬಂತು. ನಾನು ಹಾಕಿದ್ದ ಎಪಾಕ್ಸಿಯನ್ನೆಲ್ಲ ಕೆತ್ತಿ ತೆಗೆದರು. ಸ್ಕ್ರೂ ಹೋಗುವ ಎರಡೂ ತೂತಿಗೆ ಅಲ್ಯೂಮಿನಿಯಂ ಕೊಳವೆ ಕೂರಿಸಿದರು. ಆಗ ಬಿಗಿ ಮಾಡಿದಾಗ ಮರ ಅಮುಕಿಕೊಳ್ಳುವುದಿಲ್ಲ. ಹೊಸ ಬೆಡ್ಡಿಂಗ್ ಹಾಕಿದರು. ಟ್ರಿಗರ್ ಸುತ್ತ, ಸೇಫ್ಟಿ ಗುಂಡಿಯ ಕೆಳಗೆ, ಬೋಲ್ಟ್ ಹಿಡಿಯ ಕೆಳಗೆ ಮರ ಕೆತ್ತಿ ಜಾಗ ಬಿಟ್ಟರು. ಸ್ಕ್ರೂ ಉದ್ದ ಸರಿ ಮಾಡಿ, ತಯಾರಕರು ಹೇಳಿದ ಅಳತೆಗೆ, ಬಿಗಿತ ಅಳೆಯುವ ಟಾರ್ಕ್ ವ್ರೆಂಚಿನಲ್ಲಿ ಬಿಗಿ ಮಾಡಿ, ಆ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಕೊಟ್ಟರು. ನಿಮ್ಮದು ವಿಂಚೆಸ್ಟರ್ ಮಾಡೆಲ್ 70ರ ಹಾಗೆ ಮೂರು ಸ್ಕ್ರೂ ಇರುವ ರೈಫಲ್ ಆದರೆ ನಡುವಿನದನ್ನು ಉಳಿದೆರಡರಷ್ಟು ಬಿಗಿ ಮಾಡಬಾರದು, ಆಕ್ಷನ್ ಬಾಗುತ್ತದೆ.

ಕೆನ್ನೆ ಇಡುವ ಎತ್ತರವನ್ನೂ ಅವರೇ ನೋಡಿದರು. ಹಳೆಯ ಸ್ಟಾಕಿನಲ್ಲಿ ನಾನು ದುರ್ಬೀನಿಗೆ ಕಣ್ಣು ಹೊಂದಿಸಲು ಗದ್ದ ಎತ್ತಿಕೊಂಡೇ ಹೊಡೆಯುತ್ತಿದ್ದೆ. ಅದು ಇಷ್ಟು ದಿನ ಅಭ್ಯಾಸವಾಗಿ ನನಗೇ ಗೊತ್ತಾಗಿರಲಿಲ್ಲ.

ಈಗ 100 ಮೀಟರಿನಲ್ಲಿ ಐದು ಗುಂಡು 40 ಮಿಲಿಮೀಟರ್ ಒಳಗೆ ಬೀಳುತ್ತವೆ. ಹಿಂದಿನ ಮೂರು ಗುಂಡಿನ 35ಕ್ಕಿಂತ ಅಂಕಿ ದೊಡ್ಡದು. ಆದರೆ ಮರಳು ಚೀಲ, ಬೈಪಾಡ್, ಬಿಗಿದ ತೂಗುಪಟ್ಟಿ, ಕಂಬ, ಯಾವುದಕ್ಕೆ ಒರಗಿಸಿ ಹೊಡೆದರೂ ಒಂದೇ ಜಾಗ. ಬೇಟೆಯ ಕಾಲ ಶುರುವಾಗುವ ಮುಂಚೆ ಒಂದು ವಾರ ದಿನಕ್ಕೆ ಒಂದೇ ಗುಂಡು ಹೊಡೆಯುತ್ತೇನೆ, ತಣ್ಣಗಿನ ಬ್ಯಾರೆಲ್ಲಿನಿಂದ, ಮರದ ಕಾಂಡಕ್ಕೆ ಒತ್ತಿ ಹಿಡಿದು, ಒಂದೇ ಹಾಳೆಯ ಮೇಲೆ. ಏಳು ತೂತೂ ನನ್ನ ಅಂಗೈಯ ಕೆಳಗೆ ಮುಚ್ಚದಿದ್ದರೆ ಆ ವರ್ಷ ರೈಫಲ್ ಮನೆಯಲ್ಲೇ ಇರುತ್ತದೆ.